ಸಾಕ್ಷಿ ಬಾಯಿಬಿಡದೆ ಗದ್ದ ಎತ್ತಿದರೆ ದುಭಾಷಿ ಏನು ಹೇಳಬೇಕು?

ಕರೆದಾಗ_ಬರುವವ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಕೋರ್ಟುಗಳಲ್ಲಿ ದುಭಾಷಿ ಕೆಲಸ ಮಾಡುತ್ತೇನೆ. ಲಂಬಾಣಿ, ದಖನಿ ಉರ್ದು, ಹಿಂದಿ. ಖಾಯಂ ನೌಕರಿ ಅಲ್ಲ, ಕರೆದಾಗ ಹೋಗುವುದು. ಒಂದು ದಿನ ಸಿಟಿ ಸಿವಿಲ್ ಕೋರ್ಟ್, ಇನ್ನೊಂದು ದಿನ ಮೇಯೋ ಹಾಲ್, ಮತ್ತೊಮ್ಮೆ ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ಕೋರ್ಟ್.

ಇತ್ತೀಚೆಗೆ ಒಂದು ಹಲ್ಲೆ ಕೇಸಿಗೆ ಹೋಗಿದ್ದೆ. ಸಾಕ್ಷಿ ಕಟ್ಟಡದ ಕೆಲಸ ಮಾಡುವ ಹೆಂಗಸು, ತಾಂಡಾದಿಂದ ಬಂದವರು. ಪಾಟಿ ಸವಾಲಿನಲ್ಲಿ ಆರೋಪಿ ಕಡೆಯ ವಕೀಲರು ಕೇಳಿದರು, "ಆರೋಪಿ ನಿನಗೆ ಕೈಯಿಂದ ಹೊಡೆದಿದ್ದಾರಾ?" ನಾನು ಲಂಬಾಣಿಯಲ್ಲಿ ಕೇಳಿದೆ. ಆಕೆ ಮಾತಾಡಲಿಲ್ಲ. ನಾಲಿಗೆಯಲ್ಲಿ ಒಮ್ಮೆ 'ಚ್' ಅಂದು ಗದ್ದ ಸ್ವಲ್ಪ ಮೇಲೆತ್ತಿದರು, ಅಷ್ಟೇ. ವಕೀಲರು ತಕ್ಷಣ "ಇಲ್ಲ ಅಂದರು, ದಾಖಲಿಸಿಕೊಳ್ಳಿ ಸ್ವಾಮಿ" ಅಂದರು. ಪಿಪಿ (ಸರ್ಕಾರಿ ವಕೀಲರು) ಎದ್ದು "ಅದು ಇಲ್ಲ ಅಂದದ್ದಲ್ಲ, ಬೇಜಾರಾಗಿ ಲೊಚಗುಟ್ಟಿದ್ದು" ಅಂದರು. ಇಬ್ಬರೂ ನನ್ನ ಮುಖ ನೋಡಿದರು.

ನಾನು ಹೇಳಿದ್ದು ಇಷ್ಟು: "ಸ್ವಾಮಿ, ಸಾಕ್ಷಿ ಬಾಯಲ್ಲಿ ಏನೂ ಹೇಳಿಲ್ಲ. ನಾಲಿಗೆಯಲ್ಲಿ ಒಂದು ಸಲ ಸದ್ದು ಮಾಡಿ ಗದ್ದ ಎತ್ತಿದರು." ವಕೀಲರಿಗೆ ಸಿಟ್ಟು ಬಂತು. "ನಿಮ್ಮನ್ನು ಮಾತು ಹೇಳೋಕೆ ಕರೆಸಿದ್ದು, ಮುಖ ನೋಡಿ ವರದಿ ಕೊಡೋಕಲ್ಲ" ಅಂದರು.

ನಾನು ಮಾಡಿದ್ದು ಸರಿಯೋ ತಪ್ಪೋ? ಈ ಕೆಲಸದಲ್ಲಿ ಇರುವವರು, ಕೋರ್ಟ್ ಕಂಡವರು ಹೇಳಿ. ಆಮೇಲೆ ಏನಾಯಿತು ಅಂತ ಸ್ವಲ್ಪ ತಡೆದು ಬರೆಯುತ್ತೇನೆ, ನಿಮ್ಮ ಅಭಿಪ್ರಾಯ ಮೊದಲು ಬರಲಿ.

ಕಪ್ಪುಕೋಟು

ವಕೀಲನಾಗಿ ಹೇಳುತ್ತೇನೆ, ನೀವು ಮಾಡಿದ್ದು ಸರಿ. "ಇಲ್ಲ ಅಂದರು" ಅಂತ ನೀವೇ ಹೇಳಿಬಿಟ್ಟಿದ್ದರೆ ಅದು ತಪ್ಪಾಗುತ್ತಿತ್ತು.

2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ ಅಲ್ವಾ, ಅದರ 317ನೇ ಕಲಂ ದುಭಾಷಿ ನಿಜವಾದ ಅನುವಾದವನ್ನೇ ಹೇಳಬೇಕು ಅನ್ನುತ್ತದೆ. ಹಳೆಯ ಸಿಆರ್‌ಪಿಸಿಯಲ್ಲಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ, ಇದು 282 ಆಗಿತ್ತು. 315ನೇ ಕಲಂ, ಅಂದರೆ ಹಳೆಯ 280, ಸಾಕ್ಷಿಯ ಹಾವಭಾವದ ಬಗ್ಗೆ ಮುಖ್ಯ ಅನಿಸಿದ್ದನ್ನು ನ್ಯಾಯಾಧೀಶರು ಬರೆದಿಡಬೇಕು ಅನ್ನುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಾತು ದುಭಾಷಿಗೆ ಸೇರಿದ್ದು, ಮುಖ ನ್ಯಾಯಾಧೀಶರಿಗೆ ಸೇರಿದ್ದು. ಗದ್ದ ಎತ್ತಿದ್ದು ಅವರಿಗೂ ಕಾಣಿಸುತ್ತದೆ. ಅದಕ್ಕೆ ಅರ್ಥ ಕಟ್ಟುವುದು ಅವರ ಕೆಲಸ.

ಇನ್ನೊಂದು. ಪ್ರಮಾಣ ಮಾಡಿಸಿದ್ದರು ತಾನೇ? 1969ರ ಪ್ರಮಾಣಗಳ ಕಾಯ್ದೆಯ ಪ್ರಕಾರ ದುಭಾಷಿಯೂ ಪ್ರಮಾಣ ಮಾಡಬೇಕು. ಎಷ್ಟೋ ಕಡೆ ಕೋರ್ಟಿಗೆ ಬಂದ ಯಾವುದೋ ಪೊಲೀಸಪ್ಪನಿಗೆ "ನಿಂಗೆ ಹಿಂದಿ ಬರುತ್ತಾ? ಬಾ ಇಲ್ಲಿ" ಅಂತ ಕರೆದು ನಿಲ್ಲಿಸುತ್ತಾರೆ. ತನಿಖೆ ಮಾಡಿದ ಠಾಣೆಯವನೇ ಸಾಕ್ಷಿಯ ಬಾಯಿ ಆಗುತ್ತಾನೆ.

ತಾಂಡಾದವಳು

ಕಪ್ಪುಕೋಟು ಸರ್, ನಿಮ್ಮ ಮಾತು ಕಾಗದದ ಮೇಲೆ ಚೆನ್ನಾಗಿದೆ. ಆದರೆ ನ್ಯಾಯಾಧೀಶರು ಮಂಡ್ಯದವರೋ ಉಡುಪಿಯವರೋ ಆಗಿದ್ದರೆ ನಮ್ಮ ತಾಂಡಾದ ಹೆಂಗಸಿನ ಮುಖ ಅವರಿಗೆ ಹೇಗೆ ಓದಲು ಬರಬೇಕು? ಕಾಣಿಸುತ್ತದೆ ನಿಜ. ಕಂಡದ್ದೆಲ್ಲ ಅರ್ಥ ಆಗುತ್ತದಾ?

ನಮ್ಮ ಹಿರಿಯ ಹೆಂಗಸರು ದೊಡ್ಡವರ ಮುಂದೆ ಸೆರಗು ಮುಂದಕ್ಕೆ ಎಳೆದುಕೊಂಡು, ಕಣ್ಣು ಕೆಳಗೆ ಹಾಕಿ ನಿಲ್ಲುತ್ತಾರೆ. ಅದು ಮರ್ಯಾದೆ. ಕಟಕಟೆಯಲ್ಲಿ ಹಾಗೆ ನಿಂತರೆ "ಮುಖ ಕೊಟ್ಟು ಮಾತಾಡ್ತಿಲ್ಲ, ಏನೋ ಮುಚ್ಚಿಡ್ತಿದ್ದಾಳೆ" ಅಂತ ಆಗುತ್ತದೆ. ಗಂಡನ ಹೆಸರು ಕೇಳಿದರೆ ಸುಮ್ಮನಾಗುತ್ತಾರೆ. ಇದು ನಮ್ಮಲ್ಲಿ ಮಾತ್ರ ಅಲ್ಲ, ಕನ್ನಡದ ಎಷ್ಟೋ ಹಳ್ಳಿಗಳಲ್ಲಿ ಇದೆ. ನಮ್ಮ ಚಿಕ್ಕಮ್ಮನ ಕೇಸಿನಲ್ಲಿ ಆರೋಪಿಯೇ ಗಂಡ. "ಯಾರು ಹೊಡೆದದ್ದು, ಹೆಸರು ಹೇಳಮ್ಮ" ಅಂದರು. ಅವರು ಗದ್ದದಲ್ಲೇ ಆ ಕಡೆ ತೋರಿಸಿದರು. ಮತ್ತೆ ಕೇಳಿದರು, ಮತ್ತೆ ಗದ್ದ. ಮೂರನೇ ಸಲ ಕೇಳಿದಾಗ ಪಕ್ಕದಲ್ಲಿದ್ದ ನನ್ನ ಕಡೆ ನೋಡಿದರು, ನೀನು ಹೇಳು ಅನ್ನುವಂತೆ. ನನಗೆ ಬಾಯಿ ತೆರೆಯುವ ಹಕ್ಕಿಲ್ಲ. "ಸಾಕ್ಷಿ ಆರೋಪಿಯ ಹೆಸರು ಹೇಳಲಿಲ್ಲ" ಅಂತ ಬರೆದರು. ತೋರಿಸಿದ್ದನ್ನು ಬರೆಯಲಿಲ್ಲ.

ಇಂಥಲ್ಲಿ ದುಭಾಷಿ ಬಾಯಿ ಮುಚ್ಚಿಕೊಂಡು "ಅರ್ಥ ನನ್ನ ಕೆಲಸ ಅಲ್ಲ" ಅಂದರೆ ಆತ ಯಾತಕ್ಕೆ ಬೇಕು?

ಬೆರಳಚ್ಚು_ನಿವೃತ್ತ

ಸ್ಟೆನೋ ಆಗಿ ಜೀವಮಾನ ಕಳೆದವನು ನಾನು. ಸಾಕ್ಷಿ ಹೇಳಿದ್ದು ಹಾಳೆಗೆ ಹೇಗೆ ಬರುತ್ತದೆ ಅಂತ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ, ಹೇಳುತ್ತೇನೆ.

ವಕೀಲರು ಕೇಳುತ್ತಾರೆ, ಸಾಕ್ಷಿ ಉತ್ತರ ಕೊಡುತ್ತಾರೆ. ಆದರೆ ಹಾಳೆಯಲ್ಲಿ ಪ್ರಶ್ನೆ ಇರುವುದಿಲ್ಲ. ನ್ಯಾಯಾಧೀಶರು ಎರಡನ್ನೂ ಸೇರಿಸಿ ಒಂದು ವಾಕ್ಯ ಮಾಡಿ ನಮಗೆ ಹೇಳುತ್ತಾರೆ. "ನಾನು ಸ್ಥಳದಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ." "ಹಣಕ್ಕಾಗಿ ಸುಳ್ಳು ಸಾಕ್ಷಿ ಹೇಳುತ್ತಿದ್ದೇನೆ ಎಂದರೆ ಸುಳ್ಳು." ಯಾವ ಸಾಕ್ಷಿಯೂ ಬಾಯಲ್ಲಿ ಹೀಗೆ ಮಾತಾಡಿದ್ದನ್ನು ನಾನು ಕಂಡಿಲ್ಲ. ಅವರು ಹೇಳಿದ್ದು "ಹ್ಞೂಂ" ಅಥವಾ "ಉಹೂಂ" ಅಷ್ಟೇ. ಎಷ್ಟೋ ಸಲ ಅದೂ ಇಲ್ಲ, ತಲೆ ಆಡಿಸಿದ್ದು. ಕೊನೆಗೆ "ಓದಿ ಹೇಳಲಾಯಿತು, ಸರಿ ಇದೆ" ಅಂತ ಒಂದು ಸಾಲು, ಸಹಿ ಇಲ್ಲವೇ ಹೆಬ್ಬೆಟ್ಟು.

ಕೈಸನ್ನೆ ಬರೆಸುವ ರೂಢಿ ಇಲ್ಲವೇ ಇಲ್ಲ ಅಂತಲ್ಲ. "ಚಾಕು ಎಷ್ಟು ಉದ್ದ ಇತ್ತು?" ಅಂದಾಗ ಸಾಕ್ಷಿ ಮೊಣಕೈವರೆಗೆ ತೋರಿಸುತ್ತಾನೆ. ಒಳ್ಳೆಯ ನ್ಯಾಯಾಧೀಶರಾದರೆ "ಸಾಕ್ಷಿಯು ಕೈಯಿಂದ ಸುಮಾರು ಒಂದು ಅಡಿ ಉದ್ದ ತೋರಿಸುತ್ತಾನೆ" ಅಂತ ಬರೆಸುತ್ತಾರೆ. ಅವಸರದಲ್ಲಿದ್ದರೆ "ಉದ್ದನೆಯ ಚಾಕು". ಆಮೇಲೆ ಮೇಲ್ಮನವಿ ಹೈಕೋರ್ಟಿಗೆ ಹೋದರೆ ಅಲ್ಲಿ ಕಲಾಪದ ಭಾಷೆ ಇಂಗ್ಲಿಷ್, ಕನ್ನಡದ ಹಾಳೆ ಇಂಗ್ಲಿಷಿಗೆ ಹೋಗಬೇಕು. ಲಂಬಾಣಿಯಿಂದ ಕನ್ನಡ, ಕನ್ನಡದಿಂದ ಇಂಗ್ಲಿಷ್. ಅಷ್ಟು ಹೊತ್ತಿಗೆ ಗದ್ದ ಎಲ್ಲಿ, ಕೈ ಎಲ್ಲಿ.

ರಾಯಚೂರ್_ಕಡೆಯವ

ನೀವೆಲ್ಲ ಲಂಬಾಣಿ, ಹಿಂದಿ ಅಂತ ಮಾತಾಡುತ್ತಿದ್ದೀರಿ, ಒಳ್ಳೆಯದು. ಅವರಿಗೆ ದುಭಾಷಿಯಾದರೂ ಸಿಗುತ್ತಾನ್ರೀ. ನಮಗೆ ಸಿಗುವುದಿಲ್ಲ, ಯಾಕಂದ್ರ ನಾವು "ಕನ್ನಡದವರು".

ನಮ್ಮ ಕಡೆಯಿಂದ ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ, ರೋಡಿನ ಕೆಲಸಕ್ಕೆ ಎಷ್ಟು ಜನ ಬರುತ್ತಾರೆ ಅಂತ ನಿಮಗೇ ಗೊತ್ತು. ನಮ್ಮ ಕಾಕಾ ಒಬ್ಬರು ಜಗಳದ ಕೇಸಿನಲ್ಲಿ ಸಾಕ್ಷಿ. "ಅವ ಹೊಡ್ಯಾಕತ್ತಿದ್ದ, ನಾ ಬಿಡಿಸಿದ್ನಿ" ಅಂದರು. ಅಂದರೆ ಅವನು ಹೊಡೆಯುತ್ತಾ ಇದ್ದ, ಏಟು ಬೀಳುತ್ತಿತ್ತು. ಹಾಳೆಯಲ್ಲಿ ಬಂದದ್ದು "ಆತನು ಹೊಡೆಯಲು ಹೋದನು, ನಾನು ತಡೆದೆನು". ಹೊಡೆದದ್ದಕ್ಕೂ ಹೊಡೆಯಲು ಹೋದದ್ದಕ್ಕೂ ಕೋರ್ಟಿನಲ್ಲಿ ಎಷ್ಟು ವ್ಯತ್ಯಾಸ ಅಂತ ವಕೀಲರು ಹೇಳಲಿ. ಓದಿ ಹೇಳಿದಾಗ ಕಾಕಾ "ಹೌದ್ರೀ" ಅಂದರು. ಆ ಪುಸ್ತಕದ ಕನ್ನಡ ಅಷ್ಟು ಜೋರಾಗಿ ಓಡಿದರೆ ಅವರಿಗೆ ಏನು ತಿಳಿಯಬೇಕು?

ಇನ್ನು ದನಿ. ನಾವು ಮಾತಾಡುವುದೇ ಎತ್ತರದ ದನಿಯಲ್ಲಿ. ಮಿಕ್ಸರ್ ಪಕ್ಕ ದಿನವಿಡೀ ನಿಂತವರು ಮೆಲ್ಲಗೆ ಹ್ಯಾಂಗ ಮಾತಾಡಬೇಕು? ಇಲ್ಲಿಯವರಿಗೆ ಅದು ಒರಟು. "ಯಾಕಪ್ಪ ಜಗಳಕ್ಕೆ ಬರ್ತೀಯಾ?" ಅಂತ ವಕೀಲರೇ ರೇಗಿಸಿದರು. ಕೋರ್ಟ್ ಹಾಲಿನಲ್ಲಿ ನಗು. ಜಗಳಗಂಟ ಅಂತ ಮನಸ್ಸಿನಲ್ಲಿ ಕೂತುಬಿಟ್ಟರೆ ಮುಗಿಯಿತು.

ಕಪ್ಪುಕೋಟು

ರಾಯಚೂರಿನವರೇ, ನೀವು ಹೇಳಿದ್ದು ಈ ಇಡೀ ಚರ್ಚೆಯಲ್ಲಿ ದೊಡ್ಡ ವಿಷಯ, ನನಗೆ ಹಾಗೆ ಅನಿಸುತ್ತದೆ. ಕಾನೂನಿನಲ್ಲಿ ಇದಕ್ಕೆ ಬಾಗಿಲೇ ಇಲ್ಲ. 313ನೇ ಕಲಂ, ಹಿಂದಿನ 278, ಸಾಕ್ಷ್ಯವನ್ನು ಓದಿ ಹೇಳಬೇಕು ಅನ್ನುತ್ತದೆ. ಸಾಕ್ಷಿ "ಇದು ಸರಿಯಿಲ್ಲ" ಅಂದರೆ ನ್ಯಾಯಾಧೀಶರು ತಿದ್ದಬಹುದು, ಇಲ್ಲವೇ ಆ ಆಕ್ಷೇಪವನ್ನು ಬರೆದಿಡಬೇಕು. ಸಾಕ್ಷಿ ಹೇಳಿದ ಭಾಷೆ ಬೇರೆ, ಹಾಳೆಯ ಭಾಷೆ ಬೇರೆ, ಆ ಭಾಷೆ ಅವನಿಗೆ ಬರುವುದಿಲ್ಲ ಅಂದರೆ ಅನುವಾದ ಮಾಡಿ ಕೇಳಿಸಬೇಕು. ರಾಯಚೂರು ಕನ್ನಡ ಮತ್ತು ಕೋರ್ಟ್ ಕನ್ನಡ "ಬೇರೆ ಭಾಷೆ" ಅಂತ ವಾದ ಮಾಡಲು ಯಾರಿಗೆ ಧೈರ್ಯ ಇದೆ? ಮಾಡಿದರೆ ಆಚೆ ಬಂದ ಮೇಲೆ ನಾವೇ ಬೈಸಿಕೊಳ್ಳುತ್ತೇವೆ.

ವಕೀಲರು ಮಾಡಬಹುದಾದ್ದು ಒಂದಿದೆ. ಅನುಮಾನ ಬಂದ ಮಾತನ್ನು ಸಾಕ್ಷಿ ಹೇಳಿದ ಹಾಗೇ, ಅವರದೇ ಪದದಲ್ಲಿ ಉದ್ಧರಣ ಚಿಹ್ನೆಯೊಳಗೆ ಬರೆಸಿ ಅಂತ ಆ ಕ್ಷಣದಲ್ಲೇ ಕೇಳಿಕೊಳ್ಳುವುದು. "ಹೊಡ್ಯಾಕತ್ತಿದ್ದ" ಅಂತಲೇ ಹಾಳೆಗೆ ಬಂದರೆ ಮೇಲಿನ ಕೋರ್ಟಿನಲ್ಲಿ ಅದಕ್ಕೆ ಅರ್ಥ ಕೇಳಬಹುದು. "ಹೊಡೆಯಲು ಹೋದನು" ಅಂತ ಬಂದ ಮೇಲೆ ಕೇಳಲು ಏನೂ ಉಳಿಯುವುದಿಲ್ಲ.

ಜ್ಞಾನಭಾರತಿ_ಎಂಎ

ಭಾಷಾಶಾಸ್ತ್ರ ಓದುತ್ತಿದ್ದೇನೆ. ಎರಡು ವಿಷಯ ಸೇರಿಸುತ್ತೇನೆ.

ಬೆರಳಚ್ಚು ಸರ್ ಹೇಳಿದ "ಎಂದರೆ ಸರಿ" ವಾಕ್ಯಗಳು ಯಾಕೆ ಅಪಾಯ ಅಂದರೆ, "ನೀನು ಅಲ್ಲಿ ಇರಲಿಲ್ಲ ಅಲ್ವಾ?" ಅಂತ ಕೇಳಿ, "ಹ್ಞೂಂ" ಅಂತ ಉತ್ತರ ಬಂದರೆ ಅದು "ಹೌದು, ಇರಲಿಲ್ಲ" ಆಗಬಹುದು, "ಹೌದು, ಇದ್ದೆ" ಆಗಬಹುದು, ಸುಮ್ನೆ "ಕೇಳಿಸಿಕೊಂಡೆ, ಮುಂದೆ ಹೇಳಿ" ಅಂತಲೂ ಆಗಬಹುದು. ದೊಡ್ಡವರ ಮುಂದೆ ಎಲ್ಲದಕ್ಕೂ ಹ್ಞೂಂ ಅನ್ನುವ ಅಭ್ಯಾಸ ನಮ್ಮಲ್ಲಿ ಮಾತ್ರ ಇರುವುದಲ್ಲ. ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯಲ್ಲಿ 1976ರಲ್ಲಿ ಅನುಂಗ ಅನ್ನುವ ಪ್ರಕರಣದಲ್ಲಿ ಕೋರ್ಟ್ ಇದನ್ನೇ ಎತ್ತಿಕೊಂಡಿತು. ಮೂಲನಿವಾಸಿಗಳು ಅಧಿಕಾರದಲ್ಲಿ ಇರುವವರು ಏನು ಬಯಸುತ್ತಾರೋ ಅದಕ್ಕೆ ಒಪ್ಪಿ ಉತ್ತರ ಕೊಟ್ಟುಬಿಡುತ್ತಾರೆ, ಆದ್ದರಿಂದ ಉತ್ತರವನ್ನು ಬಾಯಿಗೆ ಕೊಡುವಂಥ ಪ್ರಶ್ನೆ ಕೇಳಬೇಡಿ, ದುಭಾಷಿ ಬೇಕಾದವರಿಗೆ ದುಭಾಷಿ ಕೊಡಿ ಅಂತ ಪೊಲೀಸರಿಗೆ ಮಾರ್ಗಸೂಚಿ ಕೊಟ್ಟಿತು.

ಎರಡನೆಯದು ಮರ್ಯಾದೆ ಮಾತು. ಅಮೆರಿಕದಲ್ಲಿ ಸೂಸನ್ ಬರ್ಕ್ ಸೆಲಿಗ್ಸನ್ ಅನ್ನುವ ಸಂಶೋಧಕಿ ಸ್ಪ್ಯಾನಿಷ್ ದುಭಾಷಿಗಳನ್ನು ಗಮನಿಸಿದರು. ಒಂದೇ ಸಾಕ್ಷ್ಯವನ್ನು ಜನರಿಗೆ ಎರಡು ರೀತಿ ಕೇಳಿಸಿದರು. ಒಂದರಲ್ಲಿ ದುಭಾಷಿ ಸಾಕ್ಷಿಯ "ಸರ್", "ಮೇಡಂ" ಉಳಿಸಿಕೊಂಡಿದ್ದರು, ಇನ್ನೊಂದರಲ್ಲಿ ಬಿಟ್ಟಿದ್ದರು. ಉಳಿಸಿಕೊಂಡ ಸಾಕ್ಷಿಯೇ ಹೆಚ್ಚು ನಂಬಿಕಸ್ಥ, ಹೆಚ್ಚು ಬುದ್ಧಿವಂತ ಅಂತ ಕೇಳಿದವರಿಗೆ ಅನಿಸಿತು. ಮಾತಾಡಿದ್ದು ಸಾಕ್ಷಿ, ಅಂಕ ಬಿದ್ದದ್ದು ದುಭಾಷಿಯ ಮಾತಿಗೆ. ಈಗ ನಮ್ಮ ಏಕವಚನ ಬಹುವಚನ ಯೋಚನೆ ಮಾಡಿ. ಮೇಲಿನ ವಕೀಲರು ಆರೋಪಿಗೆ "ಹೊಡೆದಿದ್ದಾರಾ" ಅಂದು, ಸಾಕ್ಷಿಗೆ "ನಿನಗೆ" ಅಂದಿದ್ದಾರೆ, ಗಮನಿಸಿದಿರಾ?

ಸುಮ್ನೆ_ಕೇಳ್ತೀನಿ

ಇಷ್ಟೆಲ್ಲಾ ಯಾಕೆ? ಎಐ ಬಂದಿದೆ, ಒಂದು ಮೊಬೈಲ್ ಇಟ್ಟರೆ ಎಲ್ಲಾ ಭಾಷೆ ಅನುವಾದ ಆಗುತ್ತಲ್ಲ?

ಬೆರಳಚ್ಚು_ನಿವೃತ್ತ

ಸುಪ್ರೀಂ ಕೋರ್ಟ್ 2019ರಲ್ಲೇ ಸುವಾಸ್ ಅನ್ನುವ ತಂತ್ರಾಂಶ ತಂದಿದೆ, ಕನ್ನಡವೂ ಇದೆ. ಅದು ತೀರ್ಪು, ಆದೇಶಗಳ ಬರಹಕ್ಕೆ. ಕಟಕಟೆಯಲ್ಲಿ ನಿಂತು 'ಚ್' ಅಂದವರಿಗೆ ಅಲ್ಲ. ನಿಮ್ಮ ಮೊಬೈಲ್ ಗದ್ದ ನೋಡುತ್ತದಾ ಸ್ವಾಮಿ?

ಕೈಮಾತು

ನಾನು ಸನ್ನೆ ಭಾಷೆ ದುಭಾಷಿ. ನಿಮ್ಮ ಪ್ರಶ್ನೆ ನಮಗೆ ದಿನದ ಕೆಲಸ. ನಮ್ಮಲ್ಲಿ ಮುಖ ಅನ್ನುವುದು ಮಾತಿನ ಜೊತೆಗೆ ಬರುವ ಒಗ್ಗರಣೆ ಅಲ್ಲ, ಮಾತೇ ಅದು. ಭಾರತೀಯ ಸನ್ನೆ ಭಾಷೆಯಲ್ಲಿ ಅದೇ ಕೈಸನ್ನೆಗಳನ್ನು ಹುಬ್ಬು ಎತ್ತಿ ಮಾಡಿದರೆ ಪ್ರಶ್ನೆ, ಎತ್ತದೆ ಮಾಡಿದರೆ ಹೇಳಿಕೆ. ಹಾಗಾಗಿ "ಮಾತು ಮಾತ್ರ ಹೇಳಿ, ಮುಖ ಬಿಡಿ" ಅಂದರೆ ನಮಗೆ ಕೆಲಸವೇ ಇಲ್ಲ.

ಕಾನೂನು ಇಲ್ಲಿ ಬಹಳ ಹಿಂದೆಯೇ ಬಂದಿದೆ. 1885ರಲ್ಲಿ ಅಲಹಾಬಾದ್ ಹೈಕೋರ್ಟಿನ ಮುಂದೆ ಅಬ್ದುಲ್ಲಾ ಅನ್ನುವವನು ಆರೋಪಿಯಾಗಿದ್ದ ಕೊಲೆ ಪ್ರಕರಣ ಬಂತು. ಕುತ್ತಿಗೆ ಕೊಯ್ದಿದ್ದರಿಂದ ಹೆಂಗಸಿಗೆ ಮಾತು ಬರುತ್ತಿರಲಿಲ್ಲ. ಒಂದೊಂದು ಹೆಸರು ಹೇಳಿ ಕೇಳಿದಾಗ ಕೈಸನ್ನೆಯಲ್ಲಿ ಉತ್ತರ ಕೊಟ್ಟು ಸತ್ತಳು. ಪ್ರಶ್ನೆ, ಸನ್ನೆ ಎರಡನ್ನೂ ಸೇರಿಸಿ ಅದನ್ನು ಮರಣಕಾಲದ ಹೇಳಿಕೆ ಅಂತ ಕೋರ್ಟ್ ಒಪ್ಪಿತು. 2012ರಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನ ರಾಜ್ಯ ಮತ್ತು ದರ್ಶನ್ ಸಿಂಗ್ ಪ್ರಕರಣದಲ್ಲಿ ಇನ್ನೂ ಸ್ಪಷ್ಟವಾಗಿ ಹೇಳಿತು. ಓದಲು ಬರೆಯಲು ಬಂದರೆ ಬರೆಸುವುದೇ ಒಳ್ಳೆಯದು. ಬರದಿದ್ದರೆ ದುಭಾಷಿ ಬೇಕು. ಆತ ಅದೇ ಸುತ್ತಲಿನವನಾಗಿರಬೇಕು, ಕೇಸಿನಲ್ಲಿ ಹಿತಾಸಕ್ತಿ ಇರಬಾರದು, ಪ್ರಮಾಣ ಮಾಡಿರಬೇಕು. ಮುಖ್ಯವಾದದ್ದು, ದುಭಾಷಿ ಹೇಳಿದ ಅರ್ಥ ಮಾತ್ರ ಸಾಲದು, ಸನ್ನೆಗಳೂ ದಾಖಲಾಗಬೇಕು. ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 125ನೇ ಕಲಂ ಪ್ರಕಾರ ವಿಡಿಯೋ ಕೂಡ ಮಾಡಬೇಕು. 2013ರ ತಿದ್ದುಪಡಿಯಿಂದಲೇ ಇದು ಇದೆ.

ಕಷ್ಟ ಎಲ್ಲಿ ಅಂದರೆ "ಅದೇ ಸುತ್ತಲಿನವ" ಮತ್ತು "ಹಿತಾಸಕ್ತಿ ಇಲ್ಲದವ" ಇಬ್ಬರೂ ಒಂದೇ ಮನುಷ್ಯನಲ್ಲಿ ಸಿಗುವುದು. ಶಾಲೆಗೇ ಹೋಗದ ಕಿವುಡ ಹುಡುಗಿ ಬಂದರೆ ಅವಳ ಸನ್ನೆ ಮನೆಯಲ್ಲಿ ಹುಟ್ಟಿದ್ದು. ಅಮ್ಮನಿಗೆ, ಅಕ್ಕನಿಗೆ ಮಾತ್ರ ಗೊತ್ತು. ನಾನು ಕಲಿತ ಸನ್ನೆ ಅವಳಿಗೆ ಗೊತ್ತಿಲ್ಲ. ಆಗ ಒಬ್ಬ ಕಿವುಡ ದುಭಾಷಿಯನ್ನು ಜೊತೆಗೆ ಕೂರಿಸಿಕೊಳ್ಳುತ್ತೇವೆ. ಹುಡುಗಿಯಿಂದ ಅವರಿಗೆ, ಅವರಿಂದ ನನಗೆ, ನನ್ನಿಂದ ಕನ್ನಡಕ್ಕೆ. ನಿಧಾನ ಆಗುತ್ತದೆ. ಕೋರ್ಟಿಗೆ ನಿಧಾನ ಇಷ್ಟ ಇಲ್ಲ (ವಾಯಿದೆ ಕೊಡುವಾಗ ಬಿಟ್ಟು!).

ಬದಲಾವಣೆ ಆಗುತ್ತಿಲ್ಲ ಅಂತಲೂ ಅಲ್ಲ. ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ, 2024ರ ಏಪ್ರಿಲಿನಲ್ಲಿ ನಮ್ಮ ಹೈಕೋರ್ಟಿನಲ್ಲಿ ದುಭಾಷಿಯ ಮೂಲಕ ಹಾಜರಾದರು.

ಕಾನೂನು_ನೆರವು

ಉಚಿತ ಕಾನೂನು ನೆರವಿನಲ್ಲಿ ಕೆಲಸ ಮಾಡುತ್ತೇನೆ. ಸಾಕ್ಷಿಯ ಬಗ್ಗೆಯೇ ಎಲ್ಲರೂ ಬರೆದಿದ್ದೀರಿ, ಆರೋಪಿಯ ಪಾಡು ಕೇಳಿ.

ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ, ಅವನು ಅಲ್ಲೇ ಇದ್ದರೆ, ತೆರೆದ ಕೋರ್ಟಿನಲ್ಲಿ ಅವನಿಗೆ ಅನುವಾದ ಮಾಡಿ ಹೇಳಬೇಕು. ನಾಗರಿಕ ಸುರಕ್ಷಾ ಸಂಹಿತೆಯ 314ನೇ ಕಲಂ. ಅವನೀಗ ಎಷ್ಟೋ ಸಲ ಪರಪ್ಪನ ಅಗ್ರಹಾರ ಜೈಲಿನಲ್ಲಿ ವಿಡಿಯೋ ಪರದೆ ಮುಂದೆ ಕೂತಿರುತ್ತಾನೆ. ದುಭಾಷಿ ಇಲ್ಲಿ. ಕಿವಿಯಲ್ಲಿ ಪಿಸುಗುಟ್ಟುವುದು ಹೇಗೆ? ಕ್ಯಾಮೆರಾದಲ್ಲಿ ಎದೆಯಿಂದ ಮೇಲೆ ಮಾತ್ರ ಕಾಣುತ್ತದೆ. ಕೈ ಎತ್ತಿ "ನಿಲ್ಲಿಸಿ, ತಿಳೀಲಿಲ್ಲ" ಅಂತ ಸನ್ನೆ ಮಾಡಿದರೂ ಚೌಕಟ್ಟಿನ ಹೊರಗೆ. ಸದ್ದು ತಡವಾಗಿ ಹೋಗುತ್ತದೆ, ಪ್ರಶ್ನೆ ಮುಗಿದ ಮೇಲೆ ಹಿಂದಿನ ಪ್ರಶ್ನೆಗೆ ತಲೆ ಆಡಿಸುತ್ತಾನೆ. ಅದು ಯಾವುದಕ್ಕೆ ಒಪ್ಪಿಗೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ದುಭಾಷಿ ಬೇಕಾದ ದಿನ ಆರೋಪಿಯನ್ನು ಖುದ್ದಾಗಿ ಕರೆತರಬೇಕು ಅಂತ ನಾನು ಅರ್ಜಿ ಹಾಕುತ್ತೇನೆ. ಒಮ್ಮೊಮ್ಮೆ ಒಪ್ಪುತ್ತಾರೆ.

ಕರೆದಾಗ_ಬರುವವ

ಎಲ್ಲರಿಗೂ ಧನ್ಯವಾದ. ಈಗ ಮುಂದಿನದ್ದು ಹೇಳುತ್ತೇನೆ.

ನ್ಯಾಯಾಧೀಶರು ಇಬ್ಬರನ್ನೂ ಕೂರಿಸಿದರು. "ಈ ಸನ್ನೆಗೆ ನಿಮ್ಮಲ್ಲಿ ಏನರ್ಥ?" ಅಂತ ನನ್ನನ್ನೇ ಕೇಳಿದರು. ನಾನು "ಒಂದು ಸಲ 'ಚ್' ಅಂದರೆ ಹೆಚ್ಚಾಗಿ 'ಇಲ್ಲ' ಅಂತ ಅರ್ಥ, ಮರುಕಕ್ಕೂ ಬೇಜಾರಿಗೂ ಮಾಡುತ್ತಾರೆ. ಸಾಕ್ಷಿಯನ್ನೇ ಕೇಳುವುದು ಒಳ್ಳೆಯದು" ಅಂದೆ. ಮತ್ತೆ ಕೇಳಿಸಿದರು, ಬಾಯಿಬಿಟ್ಟು ಹೇಳಿ ಅಂದರು. ಆಕೆ ಹೇಳಿದ್ದು: "ಕೈಯಿಂದ ಅಲ್ಲ, ಸೆಂಟ್ರಿಂಗ್ ಕಟ್ಟಿಗೆಯಿಂದ ಹೊಡೆದ." ವಕೀಲರು ಹೇಳಿದ ಹಾಗೆ ಅದು 'ಇಲ್ಲ'ವೇ ಆಗಿತ್ತು. ಆದರೆ "ಆರೋಪಿ ಹೊಡೆದಿಲ್ಲ" ಅನ್ನುವ 'ಇಲ್ಲ' ಆಗಿರಲಿಲ್ಲ.

ತಾಂಡಾದವಳು ಮೇಡಂ, ನೀವು ಕೇಳಿದ್ದಕ್ಕೆ ನನ್ನ ಉತ್ತರ ಇದೇ. ಸನ್ನೆಯನ್ನು ಕಂಡ ಹಾಗೆ ಹೇಳುವುದು. ಅದಕ್ಕೆ ನಮ್ಮ ಕಡೆ ಎರಡು ಮೂರು ಅರ್ಥ ಇದ್ದರೆ ಇದೆ ಅನ್ನುವುದು. ಆರಿಸಿ ಕೊಡುವುದು ಮಾತ್ರ ಮಾಡುವುದಿಲ್ಲ. ದಖನಿ ಸಾಕ್ಷಿ "ಪರ್ಸೋಂ" ಅಂದರೂ ಹೀಗೇ ಮಾಡುತ್ತೇನೆ. ಅದು ಮೊನ್ನೆಯೇ ಆಗಬೇಕಿಲ್ಲ, ಹೋದ ತಿಂಗಳೂ ಆಗಬಹುದು. "ತಾರೀಖು ಕೇಳಿ ಸ್ವಾಮಿ" ಅನ್ನುತ್ತೇನೆ.

ವಕೀಲರ "ನಿನಗೆ"ಯನ್ನೂ ನಾನು ಬಹುವಚನ ಮಾಡುವುದಿಲ್ಲ. ಸಾಕ್ಷಿ ಮರ್ಯಾದೆ ಕೊಟ್ಟರೆ ಅದನ್ನೂ ತೆಗೆಯುವುದಿಲ್ಲ. ಯಾರು ಯಾರಿಗೆ ಹೇಗೆ ಮಾತಾಡಿದರು ಅನ್ನುವುದು ನ್ಯಾಯಾಧೀಶರಿಗೆ ಕೇಳಿಸಲಿ.

ತಾಂಡಾದವಳು

ಒಪ್ಪಿದೆ, ಅರ್ಧ. ಕೇಳುವ ನ್ಯಾಯಾಧೀಶರು ಸಿಕ್ಕಿದ್ದಕ್ಕೆ ನಿಮ್ಮ ದಾರಿ ನಡೆಯಿತು. ನಮ್ಮ ಚಿಕ್ಕಮ್ಮನಿಗೆ ಸಿಗಲಿಲ್ಲ.

ಬೆರಳಚ್ಚು_ನಿವೃತ್ತ

ತಾಯಿ, ಅಂಥ ಕಡೆ ನಿಮ್ಮ ಕಡೆಯ ವಕೀಲರು ಎದ್ದು "ಸಾಕ್ಷಿಯು ಹೆಸರು ಹೇಳದೆ ಗದ್ದದಿಂದ ಆರೋಪಿ ಕಡೆ ತೋರಿಸುತ್ತಾರೆ, ಅದನ್ನು ಬರೆಸಿ" ಅನ್ನಬೇಕು. ಆ ಕ್ಷಣದಲ್ಲೇ ಅನ್ನಬೇಕು, ಹಾಳೆಗೆ ಸಹಿ ಬಿದ್ದ ಮೇಲಲ್ಲ. ಹಾಗೆ ಕೇಳಿದರೆ ಎಷ್ಟೋ ಸಲ ಬರೆಸಿದ್ದಾರೆ. ಕೇಳುವವರೇ ಕಡಿಮೆ.

ಕಾನೂನು_ನೆರವು

ಇಲ್ಲಿ ಇಷ್ಟು ಜನ ಸೇರಿದ್ದೀರಿ, ಒಂದು ಸಹಾಯ ಬೇಕು. ಇಟ್ಟಿಗೆ ಗೂಡಿನಲ್ಲಿದ್ದ ಒಬ್ಬರ ಕೇಸಿದೆ, ಪಶ್ಚಿಮ ಒಡಿಶಾದವರು. ಹೋದ ಸಲ ಒಡಿಯಾ ದುಭಾಷಿ ಬಂದರು, ಕಟಕ್ ಕಡೆಯವರು. ಆರೋಪಿ ಎಲ್ಲದಕ್ಕೂ ತಲೆ ಆಡಿಸಿದ. ಆಮೇಲೆ ಹೊರಗೆ ಕೇಳಿದರೆ ಅರ್ಧ ತಿಳಿದಿಲ್ಲ. ಆ ಕಡೆಯ ಮಾತಾದ ಸಂಬಲ್‌ಪುರಿ ಬರುವವರು ಬೇಕು. ವಾಯಿದೆ ಹತ್ತಿರ ಇದೆ.

ಕರೆದಾಗ_ಬರುವವ

ಹೊಸಕೋಟೆ ಕಡೆ ಒಬ್ಬರಿದ್ದಾರೆ, ಪಶ್ಚಿಮ ಒಡಿಶಾದ ಬಲಾಂಗೀರ್‌ನವರು, ಕನ್ನಡ ಚೆನ್ನಾಗಿ ಬರುತ್ತದೆ. ನಂಬರ್ ಇನ್‌ಬಾಕ್ಸ್‌ಗೆ ಹಾಕಿದ್ದೇನೆ. ಕೋರ್ಟ್ ಕೆಲಸ ಅವರಿಗೆ ಹೊಸದು. ಹಿಂದಿನ ದಿನವೇ ಕೂರಿಸಿಕೊಂಡು ಪಾಟಿ ಸವಾಲು ಹೇಗೆ ನಡೆಯುತ್ತದೆ ಅಂತ ತೋರಿಸಿ. ಆರೋಪಿಯ ಮನೆಯವರಿಗೆ ಪರಿಚಯ ಇದೆಯಾ ಅಂತ ಮೊದಲೇ ಕೇಳಿಬಿಡಿ, ಇದ್ದರೆ ಬೇಡ.